ಮಣ್ಣಿನ ಸೂಕ್ಷ್ಮಜೀವಿಗಳ ಊಟದ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳಿಂದ ಈ ಬಾರಿ ಬಂದಿರುವ ಪತ್ರಗಳಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಕುರಿತವೇ ಹೆಚ್ಚಾಗಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಡಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ವಿಶ್ವೇಶ್ವರಯ್ಯ ನಾಲೆಯ ಆಶ್ರಯದಲ್ಲಿ ಎರಡು ಎಕರೆ ಕಬ್ಬು ಬೆಳೆಯುತ್ತಿದ್ದೇನೆ. ಕಟಾವಾದ ಮೇಲೆ ತರಗಿಗೆ ಬೆಂಕಿ ಹಚ್ಚುವುದು ನಮ್ಮ ಕಡೆಯ ರೂಢಿ. ತನಿ ಬೆಳೆ (ಹೊಸದಾಗಿ ನೆಟ್ಟದ್ದು) ಪರವಾಗಿಲ್ಲ. ಕಟಾವಾದ ಬುಡದಿಂದ ಚಿಗುರುವ ಕೂಳೆ ಬೆಳೆಯ ಇಳುವರಿ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಮಣ್ಣೂ ಗಟ್ಟಿಯಾಗುತ್ತಿದೆ. ಬೆಂಕಿಯಿಂದ ಸೂಕ್ಷ್ಮಜೀವಿಗಳೆಲ್ಲ ಸತ್ತುಹೋಗಿವೆ ಎಂದು ಅಂಗಡಿಯವರು ಹೇಳಿದ್ದರಿಂದ, ಜೀವಾಣುಗಳ ದ್ರಾವಣ ತಂದು ಹನಿ ನೀರಾವರಿಯ ಮೂಲಕ ಬಿಟ್ಟೆ. ಯಾವ ವ್ಯತ್ಯಾಸವೂ ಕಾಣಲಿಲ್ಲ. ಕಾರಣವೇನು? – ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಮೊದಲು ಅಂಗಡಿಯವರ ಮಾತನ್ನು ಪರಿಶೀಲಿಸೋಣ. ತರಗು ಉರಿಯುವಾಗ ಮೇಲೆ ಎಷ್ಟೇ ಜ್ವಾಲೆ ಕಂಡರೂ ಆ ಬಿಸಿ ಮಣ್ಣಿನೊಳಕ್ಕೆ ಹೆಚ್ಚು ಆಳ ಇಳಿಯುವುದಿಲ್ಲ. ಮೇಲಿನ ಒಂದೆರಡು ಸೆಂಟಿಮೀಟರ್ ಪದರದಲ್ಲಿರುವ ಜೀವಿಗಳು ಸಾಯುತ್ತವೆ, ಕೆಳಗಿನವು ಉಳಿಯುತ್ತವೆ ಮತ್ತು ನೀರು ಸಿಕ್ಕ ಕೆಲವು ವಾರಗಳಲ್ಲಿ ಮೇಲಿನ ಪದರವನ್ನೂ ಮತ್ತೆ ತುಂಬುತ್ತವೆ. ಆದ್ದರಿಂದ ನಿಮ್ಮ ಗದ್ದೆಯಲ್ಲಿ ಜೀವಿಗಳು ಇಲ್ಲವೆಂಬ ಊಹೆ ಸರಿಯಲ್ಲ. ಇಲ್ಲವಾಗಿರುವುದು ಅವುಗಳ ಆಹಾರ. ಒಂದು ಎಕರೆ ಕಬ್ಬಿನಿಂದ ಸುಮಾರು 3 ಟನ್ ಒಣ ತರಗು ಬರುತ್ತದೆ ಎಂದು ಇಟ್ಟುಕೊಂಡರೆ, ಅದರಲ್ಲಿ ಒಂದು ಟನ್ನಿಗೂ ಮಿಕ್ಕಿ ಇಂಗಾಲವೂ 12ರಿಂದ 15 ಕೆ.ಜಿ. ಸಾರಜನಕವೂ ಇರುತ್ತವೆ. ಬೆಂಕಿ ಹಚ್ಚಿದ ಅರ್ಧ ಗಂಟೆಯಲ್ಲಿ ಇವೆರಡರ ಬಹುಪಾಲು ಗಾಳಿಗೆ ಸೇರುತ್ತದೆ. ಪೊಟ್ಯಾಷ್ ಮತ್ತು ರಂಜಕ ಬೂದಿಯಲ್ಲಿ ಉಳಿಯುತ್ತವೆ ಎಂಬುದು ನಿಜ, ಆದರೆ ಗಾಳಿ ಬೀಸಿದರೆ ಅವು ಪಕ್ಕದವರ ಹೊಲದ ಪಾಲಾಗುತ್ತವೆ.

ಇನ್ನು ಬಾಟಲಿಯ ಲೆಕ್ಕ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದ್ರವರೂಪದ ಜೀವಾಣು ಗೊಬ್ಬರದ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಕೇಳಲು ಇದು ಬಹಳ ದೊಡ್ಡ ಸಂಖ್ಯೆ. ಆದರೆ ಸಾಧಾರಣ ಬೇಸಾಯದ ಮಣ್ಣಿನ ಒಂದು ಗ್ರಾಂನಲ್ಲಿಯೇ 10 ಕೋಟಿಯಿಂದ 100 ಕೋಟಿಯವರೆಗೆ ಬ್ಯಾಕ್ಟೀರಿಯಾಗಳಿರುತ್ತವೆ. ಕಡಿಮೆ ಅಂದಾಜನ್ನೇ ಹಿಡಿದರೂ ಒಂದು ಲೀಟರ್ ದ್ರಾವಣದಲ್ಲಿರುವ ಜೀವಿಗಳ ಸಂಖ್ಯೆ ಒಂದು ಕೆ.ಜಿ. ಮಣ್ಣಿನಲ್ಲಿರುವಷ್ಟೇ ಆಗುತ್ತದೆ, ಒಂದು ಎಕರೆಯ ಮೇಲ್ಮಣ್ಣಾದರೋ ಅರ್ಧ ಅಡಿ ಆಳಕ್ಕೆ ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಹನಿ ಕೊಳವೆಯಲ್ಲಿ ಬಂದಿಳಿದ ಆ ಹೊಸಬರು, ಈಗಾಗಲೇ ಅರೆಹೊಟ್ಟೆಯಲ್ಲಿರುವ ಇಷ್ಟು ದೊಡ್ಡ ಸಮುದಾಯದ ನಡುವೆ ಬದುಕಿ ಉಳಿಯುವುದಾದರೂ ಹೇಗೆ? ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಜೀವಾಣು ಗೊಬ್ಬರಗಳು ನಿರುಪಯುಕ್ತವೆಂದು ಇದರಿಂದ ಅರ್ಥ ಮಾಡಿಕೊಳ್ಳಬಾರದು. ನಿರ್ದಿಷ್ಟ ಕೆಲಸ ಮಾಡುವ ನಿರ್ದಿಷ್ಟ ಜೀವಿಯನ್ನು ಬೀಜಕ್ಕೋ ಬೇರಿಗೋ ಅಂಟಿಕೊಳ್ಳುವಂತೆ ಕೊಟ್ಟಾಗ ಅವು ಫಲ ಕೊಡುತ್ತವೆ, ಇಡೀ ಹೊಲದ ಮೇಲೆ ಸುರಿದಾಗ ಫಲ ಸಿಗುವುದು ಅಪರೂಪ. ಕಬ್ಬಿನ ಮಟ್ಟಿಗೆ ಅಂಥ ಜೀವಿಗಳು ಇವೆ: ಬ್ರೆಜಿಲ್ ದೇಶದಲ್ಲಿ ಯೋಹಾನ್ನಾ ಡೋಬೆರೈನರ್ ಮತ್ತು ಅವರ ಸಂಗಡಿಗರು ಕಬ್ಬಿನ ಬೇರು, ಕಾಂಡಗಳ ಒಳಗೇ ನೆಲಸಿ ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾವೊಂದನ್ನು 1988ರಲ್ಲಿ ವರದಿ ಮಾಡಿದರು. ಅದನ್ನೋ, ಸಾರಜನಕ ಹಿಡಿಯುವ ಇನ್ನೊಂದು ಬ್ಯಾಕ್ಟೀರಿಯಾವಾದ ಅಜೋಸ್ಪಿರಿಲಮ್ ಅನ್ನೋ ಕೊಡಬೇಕೆಂದಿದ್ದರೆ, ಮುಂದಿನ ತನಿ ಬೆಳೆಗೆ ಬಿತ್ತನೆ ತುಂಡುಗಳನ್ನು ಅದರ ದ್ರಾವಣದಲ್ಲಿ ಅದ್ದಿ ನಾಟಿ ಮಾಡುವುದು ಸರಿಯಾದ ಕ್ರಮ.

ಮಣ್ಣು ಗಟ್ಟಿಯಾಗುವುದಕ್ಕೂ ಆಹಾರದ ಕೊರತೆಗೂ ನೇರ ಸಂಬಂಧವಿದೆ. ಬ್ಯಾಕ್ಟೀರಿಯಾಗಳು ಒಸರುವ ಅಂಟು ಮತ್ತು ಶಿಲೀಂಧ್ರಗಳ ಎಳೆಗಳು ಮಣ್ಣಿನ ಸಣ್ಣ ಕಣಗಳನ್ನು ಹಿಡಿದು ಹರಳುಗಳಾಗಿಸುತ್ತವೆ. ಆ ಹರಳುಗಳ ನಡುವಿನ ಸಂದುಗಳಲ್ಲಿಯೇ ಗಾಳಿ ಮತ್ತು ನೀರು ಓಡಾಡುವುದು. ಹೊಸ ಆಹಾರ ಬರದಿದ್ದಾಗ ಜೀವಿಗಳು ಈ ಅಂಟನ್ನೇ ತಿಂದು ಮುಗಿಸುವುದರಿಂದ ಹರಳುಗಳು ಒಡೆದು, ನೀರು ಹಾಯಿಸಿದಾಗ ಕಣಗಳು ಒತ್ತಿಕೊಂಡು ಕುಳಿತು, ಒಣಗಿದಾಗ ಹೆಂಟೆಯಾಗುತ್ತವೆ. ಇದರ ಜೊತೆಗೆ ಇನ್ನೊಂದು ಸಾಧ್ಯತೆಯನ್ನೂ ನೀವು ನೋಡಿಕೊಳ್ಳಬೇಕು: ನಾಲೆಯ ಬಯಲಿನ ತಗ್ಗು ಜಮೀನುಗಳಲ್ಲಿ ಬಸಿಗಾಲುವೆ ಇಲ್ಲದೆ ಚೌಳು ಏರುವುದುಂಟು. ಮಣ್ಣು ಪರೀಕ್ಷೆಯಲ್ಲಿ ರಸಸಾರ 8.5ಕ್ಕಿಂತ ಹೆಚ್ಚು ಬಂದರೆ, ಗಟ್ಟಿತನಕ್ಕೆ ಸೋಡಿಯಂ ಕಾರಣವಾಗಿರುವ ಸಂಭವವೇ ಹೆಚ್ಚು. ಆಗ ಬಸಿಗಾಲುವೆ ಮತ್ತು ಜಿಪ್ಸಂ ಮೊದಲು, ಉಳಿದದ್ದು ಆಮೇಲೆ.

ತರಗನ್ನು ಸುಡದೆ ಉಳಿಸಿಕೊಂಡರೆ ಕೂಳೆ ಹಳದಿಯಾಗುತ್ತದೆ ಎಂಬ ದೂರನ್ನು ಹಲವರು ಹೇಳುತ್ತಾರೆ, ಅದು ಸುಳ್ಳಲ್ಲ. ಒಣ ತರಗಿನಲ್ಲಿ ಇಂಗಾಲದ 100 ಭಾಗಕ್ಕೆ ಸಾರಜನಕ ಸುಮಾರು ಒಂದು ಭಾಗ ಮಾತ್ರ. ಸೂಕ್ಷ್ಮಜೀವಿಯ ದೇಹದಲ್ಲಾದರೆ 8 ಭಾಗ ಇಂಗಾಲಕ್ಕೆ ಒಂದು ಭಾಗ ಸಾರಜನಕ ಬೇಕು. ತಿಂದ 100 ಭಾಗ ಇಂಗಾಲದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಮಾತ್ರ ಅವು ಮೈಗೂಡಿಸಿಕೊಂಡು ಉಳಿದುದನ್ನು ಉಸಿರಾಟದಲ್ಲಿ ಬಿಟ್ಟರೂ, ಅದಕ್ಕೆ 4 ಭಾಗ ಸಾರಜನಕ ಬೇಕಾಗುತ್ತದೆ. ತರಗಿನಲ್ಲಿ ಇರುವುದು ಒಂದು. ಉಳಿದ ಮೂರನ್ನು ಅವು ಮಣ್ಣಿನಿಂದ, ಅಂದರೆ ನಿಮ್ಮ ಕಬ್ಬಿನ ಪಾಲಿನಿಂದ, ಎಳೆದುಕೊಳ್ಳುತ್ತವೆ. ಆ ಸಾಲ ಕೆಲವು ತಿಂಗಳ ನಂತರ, ಜೀವಿಗಳು ಸತ್ತು ಕೊಳೆಯುವಾಗ, ಮಣ್ಣಿಗೆ ಮರಳುತ್ತದೆ. ಆದರೆ ಕೂಳೆ ಚಿಗುರುವ ಹೊತ್ತಿಗೆ ಕೊರತೆ ಕೊರತೆಯೇ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಕಟಾವಾದ ವಾರದೊಳಗೆ ಕೂಳೆಯ ಮೋಟುಗಳನ್ನು ನೆಲಮಟ್ಟಕ್ಕೆ ಸವರಿ, ತರಗನ್ನು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹೊದಿಸಿ, ಟನ್ ತರಗಿಗೆ ಸುಮಾರು 8 ಕೆ.ಜಿ. ಯೂರಿಯಾ ಮತ್ತು 10 ಕೆ.ಜಿ. ಸೂಪರ್ ಫಾಸ್ಫೇಟ್ ಎರಚಿ, ಕೊಳೆಸುವ ಜೀವಾಣುಗಳನ್ನು ಸಗಣಿ ರಾಡಿಯಲ್ಲಿ ಕದಡಿ ಚಿಮುಕಿಸುವುದು ವಾಡಿಕೆಯ ಶಿಫಾರಸು. ಸಗಣಿಯಲ್ಲಿಯೂ ಕೊಳೆಸುವ ಜೀವಿಗಳು ಸಾಕಷ್ಟಿರುವುದರಿಂದ ಜೀವಾಣು ಸಿಗದಿದ್ದರೆ ಕೆಲಸ ನಿಲ್ಲಿಸಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಒಣ ತರಗಿನ ಮೇಲೆ ಯೂರಿಯಾ ಎರಚಿ ಹಾಗೆಯೇ ಬಿಟ್ಟರೆ, ಎಲೆಗಳ ಮೇಲೆಯೇ ಇರುವ ಯೂರಿಯೇಸ್ ಎಂಬ ಕಿಣ್ವವು ಅದನ್ನು ಅಮೋನಿಯಾ ಅನಿಲವಾಗಿಸಿ ಗಾಳಿಗೆ ಬಿಡುತ್ತದೆ. ಎರಚಿದ ದಿನವೇ ನೀರು ಕೊಡಬೇಕು. ಬೆಳೆಗೆ ಕೊಡುವ ಮೇಲುಗೊಬ್ಬರವನ್ನು ತರಗಿಲ್ಲದ ಸಾಲಿನಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಫಲ ಮೊದಲ ವರ್ಷವೇ ಇಳುವರಿಯಲ್ಲಿ ಕಾಣದಿರಬಹುದು. ಹೊದಿಕೆಯ ಕೆಳಗಿನ ಹಸಿ ಮತ್ತು ಕಡಿಮೆಯಾದ ಕಳೆ ಮಾತ್ರ ಮೊದಲ ವರ್ಷವೇ ಕಾಣುತ್ತವೆ.

ಪ್ರಶ್ನೆ: ಭತ್ತದ ಗದ್ದೆಗೆ ಡಯಾಂಚ ಬೆಳೆಸಿ, ಉತ್ತು ಸೇರಿಸಿ, ಮಾರನೆಯ ದಿನವೇ ನಾಟಿ ಮಾಡಿಸಿದೆವು. ಈಗ ಗದ್ದೆಗೆ ಕಾಲಿಟ್ಟರೆ ಗುಳ್ಳೆಗಳು ಏಳುತ್ತವೆ, ಕೆಟ್ಟ ವಾಸನೆ ಬರುತ್ತದೆ, ಪೈರು ಹಳದಿಯಾಗಿ ನಿಂತಲ್ಲೇ ನಿಂತಿದೆ. ಹಸಿರೆಲೆ ಗೊಬ್ಬರ ಒಳ್ಳೆಯದೆಂದು ಹೇಳುತ್ತಾರಲ್ಲವೇ? – ಓದುಗರು, ಮಳವಳ್ಳಿ

ಉತ್ತರ: ಒಳ್ಳೆಯದೇ, ಆದರೆ ಅವಸರ ಹೆಚ್ಚಾಯಿತು. ನೀರು ನಿಂತ ಗದ್ದೆಯಲ್ಲಿ ಮೇಲಿನ ಕೆಲವು ಮಿಲಿಮೀಟರ್ ಪದರಕ್ಕೆ ಮಾತ್ರ ಆಮ್ಲಜನಕ ದೊರೆಯುತ್ತದೆ. ಅದರ ಕೆಳಗೆ ಇರುವ ಜೀವಿಗಳು ಉಸಿರಾಟಕ್ಕೆ ಆಮ್ಲಜನಕವಿಲ್ಲದೆ ಮೊದಲು ನೈಟ್ರೇಟನ್ನು, ಬಳಿಕ ಮ್ಯಾಂಗನೀಸನ್ನು, ಆಮೇಲೆ ಕಬ್ಬಿಣವನ್ನು, ಅದೂ ಮುಗಿದರೆ ಗಂಧಕದ ಸಲ್ಫೇಟನ್ನು ಬಳಸಿಕೊಳ್ಳುತ್ತ ಹೋಗುತ್ತವೆ. ಎಲ್ಲಕ್ಕೂ ಕೊನೆಯಲ್ಲಿ ಮೀಥೇನ್ ಉತ್ಪಾದಿಸುವ ಪ್ರಾಚೀನ ಸೂಕ್ಷ್ಮಜೀವಿಗಳ ಸರದಿ. ಹಸಿ ಡಯಾಂಚದಂಥ ಸುಲಭ ಆಹಾರ ಒಮ್ಮೆಗೇ ಸಿಕ್ಕಿದಾಗ ಈ ಸರಣಿಯೆಲ್ಲ ಕೆಲವೇ ದಿನಗಳಲ್ಲಿ ನಡೆದುಬಿಡುತ್ತದೆ. ನಿಮ್ಮ ಕಾಲಡಿಯ ಗುಳ್ಳೆಗಳಲ್ಲಿ ಹೆಚ್ಚಿನದು ಮೀಥೇನ್, ಅದಕ್ಕೆ ವಾಸನೆಯಿಲ್ಲ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು, ಪೈರಿನ ಬೇರಿಗೆ ಪೆಟ್ಟು ಕೊಡುವುದೂ ಅದೇ.

ಒಂದೆರಡು ಬುಡಗಳನ್ನು ಕಿತ್ತು ಬೇರು ನೋಡಿ. ಬಿಳಿ ಬೇರಿನ ಮೇಲೆ ತುಕ್ಕಿನ ಬಣ್ಣದ ಲೇಪವಿದ್ದರೆ ಗಾಬರಿಪಡಬೇಕಾಗಿಲ್ಲ. ಭತ್ತವು ತನ್ನ ಕಾಂಡದೊಳಗಿನ ಗಾಳಿಯ ಕೊಳವೆಗಳ ಮೂಲಕ ಬೇರಿಗೆ ಆಮ್ಲಜನಕ ಕಳಿಸುತ್ತಿದೆ ಎಂಬುದಕ್ಕೆ ಆ ತುಕ್ಕೇ ಸಾಕ್ಷಿ. ಬೇರು ಕಪ್ಪಾಗಿ ನಾರುತ್ತಿದ್ದರೆ ತಡಮಾಡದೆ ನೀರು ಬಸಿದು, ನೆಲದಲ್ಲಿ ಕೂದಲೆಳೆಯ ಬಿರುಕು ಕಾಣುವವರೆಗೆ ಒಣಗಲು ಬಿಡಿ. ನಾಲೆಯಲ್ಲಿ ಕಟ್ಟು ಪದ್ಧತಿಯ ಮೇಲೆ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬರುವಾಗ ಇರುವ ನೀರನ್ನು ಹೊರಗೆ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ ಎಂಬುದು ಗೊತ್ತಿದೆ. ಆದ್ದರಿಂದ ಮುಂದಿನ ಕಟ್ಟಿನ ನೀರು ಬರುವ ದಿನವನ್ನು ಖಚಿತಪಡಿಸಿಕೊಂಡು ಅದಕ್ಕೆ ನಾಲ್ಕೈದು ದಿನ ಮುಂಚೆ ಬಸಿಯುವುದು ಒಳ್ಳೆಯದು. ಮುಂದಿನ ವರ್ಷ ಡಯಾಂಚವನ್ನು ಹೂ ಬರುವ ಹೊತ್ತಿಗೆ ಉತ್ತು, ಒಂದರಿಂದ ಎರಡು ವಾರ ಕೊಳೆಯಲು ಬಿಟ್ಟು ನಾಟಿ ಮಾಡಿ.

ನೀರು ಬಸಿದ ಮೇಲೂ ಕೆಳಗಿನ ಎಲೆಗಳಲ್ಲಿ ತುಕ್ಕಿನ ಚುಕ್ಕೆಗಳು ಉಳಿದರೆ ಅದು ಸತುವಿನ ಕೊರತೆಯಿರಬಹುದು. ಎಕರೆಗೆ 8 ಕೆ.ಜಿ. ಸತುವಿನ ಸಲ್ಫೇಟನ್ನು ಮರಳಿನೊಂದಿಗೆ ಬೆರೆಸಿ ಎರಚಿ, ಡಿ.ಎ.ಪಿ.ಯೊಡನೆ ಮಾತ್ರ ಬೆರೆಸಬೇಡಿ.

ಕೆಸರಿನಲ್ಲಿ ಸಾರಜನಕ ಸೋರಿಹೋಗುವ ಬಗೆಯನ್ನೂ ಇಲ್ಲಿಯೇ ಹೇಳಿಬಿಡುವುದು ಉಚಿತ, ಏಕೆಂದರೆ ಯೂರಿಯಾ ಎಷ್ಟು ಹಾಕಿದರೂ ಸಾಲದು ಎಂಬ ಪತ್ರಗಳು ಮಳವಳ್ಳಿ, ಮದ್ದೂರುಗಳಿಂದ ಬೇರೆಯಾಗಿಯೂ ಬಂದಿವೆ. ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಗಾಳಿಯಾಡುವ ಪದರದಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪಿನವು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಆ ನೈಟ್ರೇಟ್ ಕೆಳಗಿನ ಗಾಳಿಯಿಲ್ಲದ ಪದರಕ್ಕೆ ಇಳಿದೊಡನೆ ಮತ್ತೊಂದು ಗುಂಪು ಅದನ್ನು ಅನಿಲವಾಗಿಸಿ ಆಕಾಶಕ್ಕೆ ಕಳಿಸುತ್ತದೆ. ಗದ್ದೆ ಒಣಗಿ ಮತ್ತೆ ನೀರು ತುಂಬುವ ಪ್ರತಿ ಸಲವೂ ಈ ನಷ್ಟ ಮರುಕಳಿಸುತ್ತದೆ. ಆದ್ದರಿಂದ ಯೂರಿಯಾವನ್ನು ನಿಂತ ನೀರಿಗೆ ಎರಚದೆ, ನೀರು ಬಸಿದು ಕೆಸರಿನ ಹದದಲ್ಲಿ ಕಂತುಕಂತಾಗಿ ಹಾಕಿ, ಒಂದೆರಡು ದಿನದ ಮೇಲೆ ನೀರು ಕಟ್ಟಬೇಕು. ಕೇಂದ್ರ ಸರ್ಕಾರ 2015ರಿಂದ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನ ಲೇಪ ಕಡ್ಡಾಯ ಮಾಡಿರುವುದರಲ್ಲಿ, ಅಮೋನಿಯಂ ನೈಟ್ರೇಟ್ ಆಗುವ ಹಂತವನ್ನು ನಿಧಾನಗೊಳಿಸುವ ಉದ್ದೇಶವೂ ಇದೆ. ಪ್ರಾಸಂಗಿಕವಾಗಿ ಒಂದು ಮಾತು: ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾಗಿ, 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹಿನ್ನೆಲೆಯಲ್ಲಿ ದುಡಿದ ಲೆಸ್ಲಿ ಕೋಲ್‌ಮನ್ ಅವರು ಇಲ್ಲಿಗೆ ಬರುವ ಮೊದಲು ಜರ್ಮನಿಯ ಗಟಿಂಗೆನ್‌ನಲ್ಲಿ ಸಂಶೋಧನೆ ನಡೆಸಿದ್ದು ಈ ನೈಟ್ರೇಟ್ ಬ್ಯಾಕ್ಟೀರಿಯಾಗಳ ಮೇಲೆಯೇ. ಮಂಡ್ಯದವರು ಅವರನ್ನು ಕಬ್ಬಿನೊಂದಿಗೆ ಮಾತ್ರ ನೆನೆಯುತ್ತಾರೆ.

ಪ್ರಶ್ನೆ: ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ ಮತ್ತು ಅಲಸಂದೆ ಹಾಕುತ್ತೇವೆ. ಗಿಡ ಕಿತ್ತಾಗ ಬೇರಿನಲ್ಲಿ ಗಂಟುಗಳಿದ್ದವು. ಕೆಲವರು ಅದು ರೋಗ ಎಂದರು, ಕೆಲವರು ಗೊಬ್ಬರ ಎಂದರು. ಯಾವುದು ನಿಜ? ಅವರೆಯ ಸಾರಜನಕ ರಾಗಿಗೂ ಸಿಗುತ್ತದೆಯೇ? – ಓದುಗರು, ನಾಗಮಂಗಲ

ಉತ್ತರ: ಎರಡೂ ನಿಜವಾಗಿರಬಹುದು, ಗಂಟನ್ನು ನೋಡಿಯೇ ಹೇಳಬೇಕು. ಬೇರಿನ ಪಕ್ಕಕ್ಕೆ ಅಂಟಿಕೊಂಡಂತಿದ್ದು, ಬೆರಳಿನಿಂದ ಉಜ್ಜಿದರೆ ಸುಲಭವಾಗಿ ಕಳಚಿ ಬರುವ ಗುಂಡು ಗಂಟುಗಳು ರೈಜೋಬಿಯಂ ಬ್ಯಾಕ್ಟೀರಿಯಾಗಳ ಮನೆ. ಬೇರೇ ಅಲ್ಲಲ್ಲಿ ಊದಿಕೊಂಡು, ಬೇರನ್ನು ಮುರಿಯದೆ ಬಿಡಿಸಲು ಬಾರದ ಗಂಟುಗಳು ಬೇರುಗಂಟು ಜಂತುಹುಳುವಿನವು, ಅವು ರೋಗವೇ. ಮೊದಲನೆಯ ಬಗೆಯದಾಗಿದ್ದರೆ ಉಗುರಿನಿಂದ ಸೀಳಿ ನೋಡಿ. ಒಳಗೆ ರಕ್ತದಂಥ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಸಂಬಂಧಿಯಾದ ಒಂದು ಪ್ರೋಟೀನಿನದು. ಸಾರಜನಕ ಹಿಡಿಯುವ ಕಿಣ್ವವು ಆಮ್ಲಜನಕ ತಗುಲಿದರೆ ಹಾಳಾಗುತ್ತದೆ, ಆದರೆ ಬ್ಯಾಕ್ಟೀರಿಯಾ ಬದುಕಲು ಆಮ್ಲಜನಕವೂ ಬೇಕು. ಬೇಕಾದಷ್ಟನ್ನೇ ಅಳೆದು ಕೊಡುವ ಕೆಲಸ ಈ ಪ್ರೋಟೀನಿನದು. ಒಳಗೆ ಬಿಳಿಯಾಗಿದ್ದರೆ ಗಂಟು ಇನ್ನೂ ಎಳೆಯದು ಅಥವಾ ಅದರೊಳಗಿನ ಬ್ಯಾಕ್ಟೀರಿಯಾ ಆ ಬೆಳೆಗೆ ಹೊಂದುವಂಥದಲ್ಲ. ಹಸಿರು, ಕಂದು ಆಗಿದ್ದರೆ ಮುದಿಯಾಗಿದೆ.

ಈ ಗಂಟುಗಳ ಕೆಲಸವನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1880ರ ದಶಕದಲ್ಲಿ ಸಾಧಿಸಿ ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ನಮ್ಮ ಕಡೆ ಅಕ್ಕಡಿ ಸಾಲು ಅದಕ್ಕೂ ಬಹಳ ಹಿಂದಿನದು. ಆದರೆ ಹಿರಿಯರ ಪದ್ಧತಿಯ ಬಗ್ಗೆ ನಾವು ಈಗ ಹೇಳಿಕೊಳ್ಳುವ ಒಂದು ಮಾತನ್ನು ತಿದ್ದಬೇಕಾಗಿದೆ. ಅವರೆ ಹಿಡಿದ ಸಾರಜನಕ ಅದೇ ಹಂಗಾಮಿನಲ್ಲಿ ಪಕ್ಕದ ರಾಗಿಗೆ ಹರಿದುಹೋಗುವುದು ಅತ್ಯಲ್ಪ. ಅವರೆಯು ಗಾಳಿಯಿಂದ ಪಡೆಯುವುದರಿಂದ ಮಣ್ಣಿನ ಸಾರಜನಕಕ್ಕೆ ರಾಗಿಯೊಂದಿಗೆ ಪೈಪೋಟಿ ಕಡಿಮೆಯಾಗುತ್ತದೆ, ಅಷ್ಟೇ. ನಿಜವಾದ ಲಾಭ ಸಿಗುವುದು ಮುಂದಿನ ಬೆಳೆಗೆ, ಅದೂ ಬೇರು ಮತ್ತು ಸೊಪ್ಪು ಹೊಲದಲ್ಲಿಯೇ ಉಳಿದರೆ. ಗಿಡವನ್ನು ಬುಡಸಮೇತ ಕಿತ್ತು, ಕಾಯಿ ಮನೆಗೂ ಸೊಪ್ಪು ದನಕ್ಕೂ ಹೋಗಿ, ಗೊಬ್ಬರ ಹಿಂದಿರುಗದಿದ್ದರೆ ಹೊಲಕ್ಕೆ ಉಳಿಯುವುದು ಅಷ್ಟಕ್ಕಷ್ಟೆ. ಕುಡುಗೋಲಿನಿಂದ ಕೊಯ್ದು ಬೇರನ್ನು ನೆಲದಲ್ಲೇ ಬಿಡಿ.

ಗಂಟುಗಳು ಕಡಿಮೆಯಿದ್ದರೆ ಬೀಜೋಪಚಾರ ಮಾಡಬಹುದು: ಒಂದು ಎಕರೆಯ ಬೀಜಕ್ಕೆ 200 ಗ್ರಾಂ ಪೊಟ್ಟಣ, ಆರಿದ ಬೆಲ್ಲದ ಅಂಟು ನೀರಿನಲ್ಲಿ ಲೇಪಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ. ಪೊಟ್ಟಣದ ಮೇಲೆ ಬೆಳೆಯ ಹೆಸರನ್ನೂ ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಬಿಸಿಲಿಗೆ ಒಡ್ಡಿದ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಇದ್ದ ಪೊಟ್ಟಣದಲ್ಲಿ ಇದ್ದಿಲ ಪುಡಿಯ ಹೊರತು ಹೆಚ್ಚೇನೂ ಉಳಿದಿರುವುದಿಲ್ಲ.

ರಾಗಿಯ ಬೇರಿಗೂ ಅದರದೇ ಸಂಗಾತಿ ಉಂಟು. ಮೈಕೊರೈಜಾ ಎಂದು 1885ರಲ್ಲಿ ಹೆಸರು ಪಡೆದ ಬೇರುಶಿಲೀಂಧ್ರಗಳ ಪೈಕಿ ಒಂದು ಬಗೆಯವು ರಾಗಿಯ ಬೇರಿನೊಳಗೆ ಹೊಕ್ಕು, ಬೇರುಕೂದಲು ತಲುಪದ ಕಡೆಗೂ ಎಳೆಗಳನ್ನು ಚಾಚಿ ರಂಜಕವನ್ನು ತಂದುಕೊಡುತ್ತವೆ. ನಾಗಮಂಗಲದ ಕೆಂಪು ಮಣ್ಣಿನಲ್ಲಿ ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಬಿಗಿಯಾಗಿ ಕಟ್ಟಿಕೊಳ್ಳುವುದರಿಂದ ಈ ನೆರವು ಬೆಲೆಯುಳ್ಳದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಡಿ.ಜೆ. ಬಾಗ್ಯರಾಜ್ ಅವರು ಈ ಶಿಲೀಂಧ್ರಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದ್ದಾರೆ. ರಂಜಕದ ಗೊಬ್ಬರವನ್ನು ಅತಿಯಾಗಿ ಹಾಕಿದ ಹೊಲದಲ್ಲಿ ಗಿಡ ಈ ಸಂಗಾತಿಗೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಎಲೆಕೋಸು, ಹೂಕೋಸು, ಸಾಸಿವೆಗಳ ಬೇರಿನಲ್ಲಿ ಅದು ನೆಲಸುವುದೇ ಇಲ್ಲವಾದ್ದರಿಂದ ಆ ಬೆಳೆಗಳಿಗಾಗಿ ಮೈಕೊರೈಜಾ ಕೊಳ್ಳುವುದು ಹಣ ದಂಡ.

ಪ್ರಶ್ನೆ: ರಸಬಾಳೆ ತೋಟದಲ್ಲಿ ಕೆಳಗಿನ ಎಲೆಗಳು ಹಳದಿಯಾಗಿ ಜೋತುಬಿದ್ದು, ದಿಂಡು ಬುಡದಲ್ಲಿ ಸೀಳುತ್ತಿದೆ. ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರ ಹಾಕಿದರೆ ವಾಸಿಯಾಗುತ್ತದೆಯೇ? – ಓದುಗರು, ನಂಜನಗೂಡು

ಉತ್ತರ: ನೀವು ಬರೆದಿರುವ ಲಕ್ಷಣಗಳು ಪನಾಮಾ ಸೊರಗು ರೋಗದವು. ದಿಂಡನ್ನು ಅಡ್ಡ ಕತ್ತರಿಸಿದಾಗ ಕಂದುಗೆಂಪು ಚುಕ್ಕೆಗಳ ಉಂಗುರ ಕಂಡರೆ ಸಂದೇಹವೇ ಬೇಡ. ಫ್ಯುಸೇರಿಯಂ ಎಂಬ ಮಣ್ಣಿನ ಶಿಲೀಂಧ್ರ ಬೇರಿನ ಮೂಲಕ ಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಭೌಗೋಳಿಕ ಸೂಚಿಕೆ ಪಡೆದ ನಂಜನಗೂಡು ರಸಬಾಳೆ ಈ ಸೀಮೆಯಿಂದ ಹೆಚ್ಚುಕಡಿಮೆ ಮಾಯವಾಗಲು ಮುಖ್ಯ ಕಾರಣವೇ ಈ ರೋಗ. ರೋಗ ಹತ್ತಿದ ಗಿಡವನ್ನು ಟ್ರೈಕೊಡರ್ಮವಾಗಲಿ ರಾಸಾಯನಿಕ ಔಷಧವಾಗಲಿ ವಾಸಿಮಾಡುವುದಿಲ್ಲ. ಹಾಗೆ ಭರವಸೆ ಕೊಟ್ಟು ಮಾರುವವರನ್ನು ನಂಬಬೇಡಿ. ಗಿಡವನ್ನು ಗಡ್ಡೆಸಮೇತ ಕಿತ್ತು ಸುಡಿ. ಈ ಅಂಕಣದಲ್ಲಿ ಬೆಂಕಿಯನ್ನು ಶಿಫಾರಸು ಮಾಡುವುದು ಇದೊಂದಕ್ಕೆ ಮಾತ್ರ. ಆ ತೋಟದ ಕಂದುಗಳನ್ನು ಬೇರೆಡೆ ನೆಡಬೇಡಿ, ಯಾರಿಗೂ ಕೊಡಬೇಡಿ. ಗುದ್ದಲಿ, ಕತ್ತಿಗಳನ್ನು ತೊಳೆಯದೆ ಆರೋಗ್ಯದ ಪಾತಿಗೆ ಒಯ್ಯಬೇಡಿ, ರೋಗದ ಪಾತಿಯ ನೀರು ಮುಂದಿನ ಪಾತಿಗೆ ಹರಿಯದಂತೆ ನೋಡಿಕೊಳ್ಳಿ. ಶಿಲೀಂಧ್ರದ ಗಟ್ಟಿ ಗೋಡೆಯ ಬೀಜಾಣುಗಳು ಬಾಳೆಯಿಲ್ಲದೆಯೂ ದಶಕಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲವು.

ಟ್ರೈಕೊಡರ್ಮದ ಉಪಯೋಗವಿರುವುದು ರೋಗ ಬರುವ ಮೊದಲು. ಅದು ಬೇರಿನ ಸುತ್ತ ಮುಂಚಿತವಾಗಿ ನೆಲಸಿ, ಆಹಾರ ಮತ್ತು ಜಾಗಕ್ಕಾಗಿ ಫ್ಯುಸೇರಿಯಂನೊಂದಿಗೆ ಸೆಣಸುತ್ತದೆ, ಕೆಲವೊಮ್ಮೆ ಅದರ ಎಳೆಗಳನ್ನು ಸುತ್ತಿಕೊಂಡು ತಿನ್ನುತ್ತದೆ. 100 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕೆ.ಜಿ. ಟ್ರೈಕೊಡರ್ಮ ಬೆರೆಸಿ, ತೇವ ಆರದಂತೆ ನೆರಳಿನಲ್ಲಿ ಎರಡು ವಾರ ಮುಚ್ಚಿಟ್ಟು, ಹಸಿರು ಬೂಷ್ಟು ಕಾಣಿಸಿಕೊಂಡ ಮೇಲೆ ನೆಡುವ ಗುಂಡಿಗೆ ಹಾಕಬೇಕು. ಅದೇ ಗುಂಡಿಗೆ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಸುರಿದರೆ ಟ್ರೈಕೊಡರ್ಮವೂ ಸಾಯುತ್ತದೆ. ಎರಡನ್ನೂ ಒಟ್ಟಿಗೆ ಮಾಡುವವರನ್ನು ಕಾಣುತ್ತಲೇ ಇದ್ದೇವೆ. ಕಬಿನಿ ನಾಲೆಯ ನೀರು ಸಿಗುವ ಜಮೀನಾಗಿದ್ದರೆ ಕೆಲವು ಹಂಗಾಮು ಭತ್ತ ಬೆಳೆಯುವುದು ಇನ್ನೂ ಬಲವಾದ ಉಪಾಯ, ಏಕೆಂದರೆ ಮೇಲೆ ವಿವರಿಸಿದ ಗಾಳಿಯಿಲ್ಲದ ಕೆಸರು ಫ್ಯುಸೇರಿಯಂಗೆ ಒಗ್ಗುವುದಿಲ್ಲ. ಪೂರ್ತಿ ಅಳಿಯುವುದಿಲ್ಲ, ತಗ್ಗುತ್ತದೆ. ಆಮೇಲೆ ಅಂಗಾಂಶ ಕೃಷಿಯ ಸಸಿಗಳನ್ನೇ ನೆಡಿ.

ಪ್ರಶ್ನೆ: ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಸೂಕ್ಷ್ಮಜೀವಿಗಳದೇ? ನಮ್ಮ ತಾರಸಿ ತೋಟದ ಕುಂಡಗಳ ತೆಂಗಿನ ನಾರಿನ ಪುಡಿಯಲ್ಲಿ ಅದು ಬರುವುದಿಲ್ಲವೇಕೆ? – ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹೌದು. ಸ್ಟ್ರೆಪ್ಟೊಮೈಸಿಸ್ ಗುಂಪಿನ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನ ವಾಸನೆ ಅದು. ಲಕ್ಷ ಕೋಟಿಯಲ್ಲಿ ಕೆಲವೇ ಭಾಗದಷ್ಟಿದ್ದರೂ ನಮ್ಮ ಮೂಗು ಗುರುತಿಸುತ್ತದೆ. ಕ್ಷಯರೋಗಕ್ಕೆ ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದೂ ಇದೇ ಗುಂಪಿನಿಂದ. ನಾರಿನ ಪುಡಿ ಮಣ್ಣಲ್ಲ, ಅದರಲ್ಲಿ ಈ ಜೀವಿಗಳು ವಿರಳ. ಕುಂಡಕ್ಕೆ ಮೂರನೆಯ ಒಂದು ಭಾಗ ತೋಟದ ಮಣ್ಣನ್ನೂ ಅಷ್ಟೇ ಎರೆಗೊಬ್ಬರವನ್ನೂ ಸೇರಿಸಿದರೆ ಗಿಡಕ್ಕೂ ಒಳ್ಳೆಯದು, ನಿಮ್ಮ ಬಯಕೆಯೂ ಈಡೇರೀತು.

ಪ್ರಶ್ನೆ: ನಾಲ್ಕು ವರ್ಷದಿಂದ ಭತ್ತಕ್ಕೆ ಜೀವಾಮೃತ ಮಾತ್ರ ಕೊಡುತ್ತಿದ್ದೇನೆ. ರಸಗೊಬ್ಬರ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಂದು ಪೂರ್ತಿ ಬಿಟ್ಟಿದ್ದೇನೆ. ಮೊದಲೆರಡು ವರ್ಷ ಬೆಳೆ ಚೆನ್ನಾಗಿತ್ತು, ಈಗ ಇಳಿದಿದೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ 0.4 ಎಂದಿದೆ, ಸೂಕ್ಷ್ಮಜೀವಿಗಳ ಬಗ್ಗೆ ಏನೂ ಇಲ್ಲ. ಅವುಗಳನ್ನು ಅಳೆಯುವುದು ಹೇಗೆ? – ಓದುಗರು, ತಿ. ನರಸೀಪುರ

ಉತ್ತರ: ನಿಮ್ಮ ಜೀವಾಮೃತದಲ್ಲಿ ಏನೇನು ಇದೆಯೋ ಅದನ್ನೇ ತೂಗಿ ನೋಡೋಣ. ಎಕರೆಗೆ 200 ಲೀಟರ್ ನೀರಿನಲ್ಲಿ 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಸಗಣಿಯಿಂದ 40 ಗ್ರಾಂ, ಗಂಜಲದಿಂದ 50ರಿಂದ 100 ಗ್ರಾಂ, ಹಿಟ್ಟಿನಿಂದ 70 ಗ್ರಾಂ, ಎಲ್ಲ ಕೂಡಿ 200 ಗ್ರಾಂ ಆಸುಪಾಸು ಸಾರಜನಕ ಬರುತ್ತದೆ. ಅಂದರೆ ಅರ್ಧ ಕೆ.ಜಿ. ಯೂರಿಯಾದಲ್ಲಿರುವಷ್ಟೂ ಇಲ್ಲ. ನೀರಾವರಿ ಭತ್ತಕ್ಕೆ ಎಕರೆಗೆ 40 ಕೆ.ಜಿ. ಸಾರಜನಕದ ಶಿಫಾರಸಿದೆ. ಬೆಲ್ಲ ಮತ್ತು ಹಿಟ್ಟು ತಿಂದು ಎಚ್ಚೆತ್ತ ಜೀವಿಗಳು ಮಣ್ಣಿನಲ್ಲಿ ಮೊದಲೇ ಇದ್ದ ಸಾವಯವ ಪದಾರ್ಥವನ್ನು ಚುರುಕಾಗಿ ಕರಗಿಸಿ ಬೆಳೆಗೆ ಕೊಡುತ್ತವೆ. ಮೊದಲೆರಡು ವರ್ಷದ ಬೆಳೆ ಆ ಹಳೆಯ ಗಂಟಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಗಂಟು ಕರಗಿರುವುದನ್ನು ಚೀಟಿಯ 0.4 ಎಂಬ ಅಂಕಿ ಹೇಳುತ್ತಿದೆ, ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕೊರತೆ, 0.75ಕ್ಕಿಂತ ಹೆಚ್ಚಿದ್ದರೆ ಸಮೃದ್ಧ ಎಂಬುದು ಲೆಕ್ಕ. ಜೀವಾಮೃತವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅದರೊಂದಿಗೆ ಎಕರೆಗೆ ಕೆಲವು ಗಾಡಿ ಕೊಟ್ಟಿಗೆ ಗೊಬ್ಬರ, ಅಪ್ಸೆಣಬು ಅಥವಾ ಡಯಾಂಚ, ಬದುವಿನ ಗ್ಲಿರಿಸಿಡಿಯ, ಹೊಂಗೆ ಸೊಪ್ಪು ಬೀಳಲೇಬೇಕು. ಬೇಸಿಗೆಯಲ್ಲಿ ಅಜೋಲ್ಲ ಬೆಳೆಸಿಕೊಂಡು ಮಳೆಗಾಲದ ಗದ್ದೆಗೆ ಬಿಡುವುದೂ ಒಳ್ಳೆಯದು, ಅದರ ಎಲೆಯ ಗೂಡಿನಲ್ಲಿರುವ ನೀಲಿಹಸಿರು ಪಾಚಿ ಸಾರಜನಕ ಹಿಡಿಯುತ್ತದೆ.

ರಸಗೊಬ್ಬರ ಕೊಲ್ಲುತ್ತದೆಯೇ ಎಂಬುದಕ್ಕೆ ಉತ್ತರ ಯಾವ ಗೊಬ್ಬರ, ಎಷ್ಟು, ಯಾವುದರೊಂದಿಗೆ ಎಂಬುದನ್ನು ಅವಲಂಬಿಸಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆಂಪು ಮಣ್ಣಿನಲ್ಲಿ ರಾಗಿ ಮತ್ತು ಮುಸುಕಿನ ಜೋಳದ ಮೇಲೆ ದಶಕಗಳಿಂದ ನಡೆದಿರುವ ದೀರ್ಘಾವಧಿ ಪ್ರಯೋಗದಲ್ಲಿ, ಬರೀ ಸಾರಜನಕ ಪಡೆದ ತಾಕುಗಳು ಹುಳಿಯಾಗಿ ಇಳುವರಿ ಕುಸಿದಿದೆ. ಸಮತೋಲನದ ರಸಗೊಬ್ಬರದೊಂದಿಗೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳು ಇಳುವರಿಯಲ್ಲಿಯೂ ಮಣ್ಣಿನ ಜೀವಚಟುವಟಿಕೆಯಲ್ಲಿಯೂ ಮುಂದಿವೆ. ಹೆಚ್ಚು ಬೆಳೆದ ಬೆಳೆ ಹೆಚ್ಚು ಬೇರನ್ನು ಬಿಟ್ಟುಹೋಗುತ್ತದೆ, ಆ ಬೇರು ಜೀವಿಗಳಿಗೆ ಆಹಾರವಾಗುತ್ತದೆ. ನೀವು ರಸಗೊಬ್ಬರವನ್ನು ಮತ್ತೆ ಬಳಸಬೇಕೇ ಬೇಡವೇ ಎಂಬುದು ನಿಮ್ಮ ತೀರ್ಮಾನ. ಬಳಸದಿರುವುದಾದರೆ ಬೇರೆ ಮೂಲದಿಂದ ಅಷ್ಟು ಪೋಷಕಾಂಶ ತರುವ ಹೊಣೆಯೂ ನಿಮ್ಮದೇ.

ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ, ಸೂಕ್ಷ್ಮಜೀವಿಗಳ ಲೆಕ್ಕ ಅದರಲ್ಲಿಲ್ಲ. ಸದ್ಯಕ್ಕೆ ಸಾವಯವ ಇಂಗಾಲವನ್ನೇ ಸೂಚಿಯಾಗಿ ಹಿಡಿಯಬೇಕು. ಮನೆಯಲ್ಲಿಯೇ ಮಾಡಬಹುದಾದ ಒರಟು ಪರೀಕ್ಷೆಯೊಂದಿದೆ. ಬಣ್ಣ ಹಾಕದ, ಪೂರ್ತಿ ಹತ್ತಿಯ ಹಳೆಯ ಪಂಚೆಯಿಂದ ಒಂದೇ ಅಳತೆಯ ಮೂರು ತುಂಡು ಹರಿದು, ಭತ್ತ ಕೊಯ್ದ ಮೇಲೆ ಹದವಾದ ತೇವವಿರುವಾಗ, ಒಂದನ್ನು ಗದ್ದೆಯಲ್ಲಿ, ಒಂದನ್ನು ಹೊಂಗೆ ಮರದ ಕೆಳಗಿನ ಬದುವಿನಲ್ಲಿ, ಒಂದನ್ನು ಗೊಬ್ಬರ ಹಾಕಿದ ಹಿತ್ತಿಲಿನಲ್ಲಿ ಅರ್ಧ ಅಡಿ ಆಳಕ್ಕೆ ಹೂಳಿ, ಎರಡು ತಿಂಗಳ ಮೇಲೆ ತೆಗೆದು ಹೋಲಿಸಿ. ಹತ್ತಿಯೆಂದರೆ ಶುದ್ಧ ಸೆಲ್ಯುಲೋಸ್, ಅದನ್ನು ತಿನ್ನುವವರು ಎಲ್ಲಿ ಹೆಚ್ಚಿದ್ದಾರೋ ಅಲ್ಲಿ ಬಟ್ಟೆ ಚಿಂದಿಯಾಗಿರುತ್ತದೆ. ಪಾಲಿಯೆಸ್ಟರ್ ಮಿಶ್ರಿತ ಬಟ್ಟೆ ಬೇಡ, ಮತ್ತು ಹೂಳಿದ ಜಾಗದಲ್ಲಿ ಕೋಲು ನೆಟ್ಟು ಗುರುತು ಮಾಡಿಕೊಳ್ಳಿ.